ಕಿಟಕಿ ಬ್ರಷ್ ಗಟ್ಟಿಯಾಗಿದೆ, ಬಿಸಾಡಬೇಕಾ?

ಪ್ರಶ್ನೆ: ದೀಪಾವಳಿಗೆ ಮನೆ ತೊಳೆಯುವಾಗ ಕಿಟಕಿಗೆಂದೇ ಒಂದು ಒಳ್ಳೆಯ ನೈಲಾನ್ ಬ್ರಷ್ ತಂದೆ. ಯುಗಾದಿ ಹೊತ್ತಿಗೆ ಅದರ ಎಳೆಗಳೆಲ್ಲ ಕಡ್ಡಿ ಥರ ಗಟ್ಟಿಯಾಗಿವೆ. ಬುಡದಲ್ಲಿ ಬೆಳ್ಳಗೆ ಏನೋ ಕಟ್ಟಿಕೊಂಡಿದೆ. ಗಾಜು ಉಜ್ಜಿದರೆ ಸಣ್ಣ ಗೀರು ಬೀಳುತ್ತಿವೆ. ನಮ್ಮದು ಬೋರ್ ನೀರು. ಪ್ರತಿ ಸಲ ತೊಳೆದೇ ಇಡುತ್ತೇನೆ ಮೇಡಂ. ಬಿಸಾಡಿ ಹೊಸದು ತರಬೇಕಾ?
– ಗೃಹಿಣಿ, ಚಿತ್ರದುರ್ಗ

ಉತ್ತರ: ಈಗಲೇ ಬಿಸಾಡಬೇಡಿ. ತೊಳೆದು ಇಡುತ್ತೀರಿ, ಸರಿ. ಆದರೆ ಯಾವ ನೀರಲ್ಲಿ ತೊಳೆಯುತ್ತೀರಿ, ತೊಳೆದ ಮೇಲೆ ಹೇಗೆ ಇಡುತ್ತೀರಿ ಅನ್ನೋದೇ ಮುಖ್ಯ. ಕಿಟಕಿ ಬ್ರಷ್ ಉಜ್ಜುವಾಗ ಹಾಳಾಗೋದು ಕಡಿಮೆ, ಒಣಗುವಾಗಲೇ ಜಾಸ್ತಿ.

ಬುಡದಲ್ಲಿ ಬೆಳ್ಳಗೆ ಕಟ್ಟಿರುವುದು ಗಡಸು ನೀರಿನ ಸುಣ್ಣ. ಗೀಸರ್ ಕಾಯಿಲ್ ಮೇಲೆ, ನಲ್ಲಿ ಬಾಯಲ್ಲಿ ಕಟ್ಟುತ್ತದಲ್ಲ, ಅದೇ. ನೀರು ಆರಿದರೂ ಸುಣ್ಣ ಉಳಿಯುತ್ತದೆ. ನಿಮ್ಮೂರಿನ ಗಾಳಿಯಲ್ಲಿ ಬರುವ ಧೂಳೂ ಅದರ ಜೊತೆ ಸೇರಿ ಗಾರೆ ಹಾಕಿದ ಹಾಗೆ ಕೂರುತ್ತದೆ. ಆ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಮರಳು ಇರುತ್ತದೆ. ಬೆಣಚುಕಲ್ಲು ಗಾಜಿಗಿಂತ ಗಟ್ಟಿ. ನಿಮ್ಮ ಗಾಜಿನ ಮೇಲೆ ಗೀರು ಎಳೆಯುತ್ತಿರುವುದು ಈ ಮರಳೇ, ನೈಲಾನ್ ಅಲ್ಲ.

ಮೊದಲು ಬ್ರಷ್ ಪೂರ್ತಿ ಒಣಗಲಿ. ಅಂಗಳದಲ್ಲಿ ಕಲ್ಲಿಗೆ ಬೆನ್ನು ತಾಗುವಂತೆ ಕುಟ್ಟಿ, ಉದುರೋ ಮರಳೆಲ್ಲ ಉದುರಲಿ. ಎಳೆಗಳ ಸಾಲಿನ ನಡುವೆ ಹಳೇ ಬಾಚಣಿಗೆ ಆಡಿಸಿ. ಆಮೇಲೆ ಒಂದು ಅಗಲವಾದ ಟಬ್ಬಿನಲ್ಲಿ ಬಿಳಿ ವಿನೆಗರ್ ಮತ್ತು ಅಷ್ಟೇ ಉಗುರುಬೆಚ್ಚಗಿನ ನೀರು ಹಾಕಿ, ಎಳೆಗಳ ಬುಡದವರೆಗೆ ಮಾತ್ರ ಅರ್ಧ ಗಂಟೆ ನೆನೆಸಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅದು ಸುಣ್ಣ ಕರಗುವ ಲಕ್ಷಣ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಮ್ಮೆ ಮಾಡಿ. ಬ್ರಷ್ಷಿನ ಬೆನ್ನು ಮರದ್ದಾಗಿದ್ದರೆ ಅದನ್ನು ಮುಳುಗಿಸಲೇಬೇಡಿ. ಮರ ಉಬ್ಬಿ, ಆರಿದಾಗ ಬಿರುಕು ಬಿಟ್ಟು, ಎಳೆಗಳು ಗೊಂಚಲು ಗೊಂಚಲಾಗಿ ಕಿತ್ತು ಬರುತ್ತವೆ.

ಹುಣಸೆಹಣ್ಣು ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಹುಳಿಯೇನೋ ಕೆಲಸ ಮಾಡುತ್ತದೆ, ಆದರೆ ಅದರ ನಾರು ಬುಡದಲ್ಲಿ ಸಿಕ್ಕಿಕೊಂಡು ಹೊಸ ತಲೆನೋವು. ಟಾಯ್ಲೆಟ್ ಆಸಿಡ್ ಮಾತ್ರ ಬೇಡವೇ ಬೇಡ. ಅಷ್ಟು ತೀಕ್ಷ್ಣ ಆಸಿಡ್ ನೈಲಾನನ್ನೇ ತಿನ್ನುತ್ತದೆ. ವಿನೆಗರ್ ಆಗಲಿ, ಯಾವುದೇ ಆಸಿಡ್ ಆಗಲಿ, ಬ್ಲೀಚ್ ಜೊತೆ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಇನ್ನು ಕೊನೆಯ ಜಾಲಾಡುವಿಕೆ. ಕುಡಿಯೋ ನೀರು ಶುದ್ಧ ಮಾಡುವ ಆರ್‌ಓ ಮೆಷಿನ್ನಿನಿಂದ ಹೊರಬರುವ ವೇಸ್ಟ್ ನೀರು ಸುಮ್ನೆ ಹೋಗುತ್ತೆ ಅಂತ ಹಿಡಿದಿಟ್ಟು ಕಿಟಕಿಗೆ ಬಳಸುವವರಿದ್ದಾರೆ. ನೀರು ಉಳಿಸೋ ಮನಸ್ಸು ದೊಡ್ಡದು. ಆದರೆ ಬೋರ್ ನೀರಿನ ಉಪ್ಪಿನಂಶವೆಲ್ಲ ಒಟ್ಟಾಗಿ ಸೇರುವುದು ಆ ನೀರಲ್ಲೇ. ಅದು ಅಂಗಳ ತೊಳೆಯೋಕೆ ಇರಲಿ. ಬ್ರಷ್ಷಿಗೆ ಕೊನೆಯಲ್ಲಿ ಒಂದು ಚೊಂಬು ಮಳೆನೀರು ಅಥವಾ ಆರ್‌ಓದಲ್ಲಿ ಶುದ್ಧವಾದ ಕುಡಿಯೋ ನೀರು ಸಾಕು. ಜೋರಾಗಿ ಕೊಡವಿ, ಎಳೆ ಕೆಳಗೆ ಬರುವ ಹಾಗೆ ನೆರಳಲ್ಲಿ ಮೊಳೆಗೆ ನೇತುಹಾಕಿ. ಎಳೆ ಮೇಲೆ ಮಾಡಿ ಬಕೆಟ್ಟಿನಲ್ಲಿ ನಿಲ್ಲಿಸಿದರೆ ನೀರೆಲ್ಲ ಬುಡಕ್ಕೇ ಇಳಿಯುತ್ತದೆ. ಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೆ ನೈಲಾನ್ ಪೆಡಸಾಗಿ ಮುರಿಯುತ್ತದೆ.

ಎಳೆ ಬಾಗಿದ್ದರೆ ಕೈ ತಡೆಯುವಷ್ಟು ಬಿಸಿ ನೀರಲ್ಲಿ ಐದು ನಿಮಿಷ ಅದ್ದಿ, ನೇರ ಮಾಡಿ, ಬಟ್ಟೆ ಸುತ್ತಿ ಕಟ್ಟಿ ಆರಲು ಬಿಡಿ. ಕುದಿಯುವ ನೀರು ಬೇಡ. ಇಷ್ಟೆಲ್ಲ ಮಾಡಿದ ಮೇಲೂ ಎಳೆ ತುಂಡಾಗಿ ಚುಚ್ಚುತ್ತಿದ್ದರೆ ಅದನ್ನು ಚರಂಡಿ ತಿಕ್ಕೋಕೆ ಇಟ್ಟುಕೊಳ್ಳಿ, ಗಾಜಿಗೆ ಮುಟ್ಟಿಸಬೇಡಿ.

ಇನ್ನೊಂದು ಮಾತು. ಗ್ರಿಲ್, ಸೊಳ್ಳೆ ಜಾಲರಿ, ಸ್ಲೈಡಿಂಗ್ ಕಿಟಕಿಯ ಸಂದಿ, ಇವಕ್ಕೆ ಬೇರೆ ಒಣ ಬ್ರಷ್ ಇರಲಿ. ಹಳೇ ಪೇಂಟ್ ಬ್ರಷ್ ಆದರೂ ನಡೆಯುತ್ತದೆ. ಧೂಳು ಒಣಗಿದ್ದಾಗಲೇ ತೆಗೆದು, ಆಮೇಲೆ ಗಾಜಿಗೆ ನೀರು ಹಾಕಿ. ಆಷಾಢದ ಗಾಳಿ ಶುರುವಾದ ಮೇಲಂತೂ ಈ ಕ್ರಮ ತಪ್ಪಿಸಬೇಡಿ.

ಪ್ರಶ್ನೆ: ನಮ್ಮ ಮನೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ. ಕಿಟಕಿ ಮೇಲೆ ಕಪ್ಪು ಮಸಿ. ಬ್ರಷ್, ವೈಪರ್ ಎರಡೂ ಜಿಡ್ಡಾಗಿವೆ. ಸೀಮೆಎಣ್ಣೆಯಲ್ಲಿ ತೊಳೆದರೆ ಹೋಗುತ್ತಾ?
– ಓದುಗರು, ದಾವಣಗೆರೆ

ಉತ್ತರ: ವೈಪರ್‌ಗೆ ಸೀಮೆಎಣ್ಣೆ ಸೋಕಿಸಬೇಡಿ. ರಬ್ಬರ್ ಉಬ್ಬಿ, ಅಂಚು ಡೊಂಕಾಗಿ, ಗಾಜಿನ ಮೇಲೆ ನೀರಿನ ಗೆರೆ ಉಳಿಯುತ್ತದೆ. ಮಸಿ ಬಿಡಿಸೋಕೆ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬೆಚ್ಚನೆ ನೀರಿಗೆ ಒಂದೆರಡು ಚಮಚ ಹಾಕಿ ಬ್ರಷ್ ಕಾಲು ಗಂಟೆ ನೆನೆಯಲಿ, ಬೆರಳಿನಿಂದ ಬುಡ ತಿಕ್ಕಿ ತೊಳೆಯಿರಿ. ನಿಮ್ಮಲ್ಲಿ ನಲ್ಲಿಗೆ ಹೊಳೆ ನೀರು ಬರುತ್ತಿದ್ದರೆ ಅದರಲ್ಲೇ ಜಾಲಾಡಿ, ಬೋರ್ ನೀರಿಗಿಂತ ಮೃದು.

ವೈಪರ್ ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಎಲ್ಲಾದರೂ ತಡೆದರೆ ಅಲ್ಲಿ ಕಚ್ಚು ಬಿದ್ದಿದೆ ಅಂತ. ಪಟ್ಟಿ ಬಿಚ್ಚಿ ತಿರುಗಿಸಿ ಹಾಕಲು ಬರುವ ವೈಪರ್ ಆದರೆ ಇನ್ನೊಂದು ಅಂಚು ಬಳಸಿ. ಎರಡೂ ಅಂಚು ಹೋಗಿದ್ದರೆ ರಬ್ಬರ್ ಪಟ್ಟಿ ಮಾತ್ರ ಬದಲಿಸಿ. ಇಡುವಾಗ ರಬ್ಬರ್ ನೆಲಕ್ಕೆ ಒತ್ತದ ಹಾಗೆ ತೂಗುಹಾಕಿ.