ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮಾಜಿ ಸೈನಿಕರ ಸವಲತ್ತು ಮತ್ತು ಸಂಸದೀಯ ಸಮಿತಿ

ಪ್ರಶ್ನೆ: ಹವಾಲ್ದಾರ್ ಆಗಿ ನಿವೃತ್ತನಾಗಿದ್ದೇನೆ. ಪಿಂಚಣಿ ಪರಿಷ್ಕರಣೆಯ ಬಾಕಿ ಇನ್ನೂ ಬಂದಿಲ್ಲ. ಸಂಸತ್ತಿನ ರಕ್ಷಣಾ ಸಮಿತಿಗೆ ಪತ್ರ ಬರೆದರೆ ಕೆಲಸ ಆಗುತ್ತದೆಯೇ? (ಗೋಕಾಕದ ಓದುಗರು)

ಉತ್ತರ: ಆಗುವುದಿಲ್ಲ. ಸ್ಥಾಯಿ ಸಮಿತಿಗಳು ಸಚಿವಾಲಯದ ದಿನನಿತ್ಯದ ಆಡಳಿತಕ್ಕೆ ಕೈಹಾಕಬಾರದು ಎಂದು ಲೋಕಸಭೆಯ ನಿಯಮಾವಳಿಯೇ ಹೇಳುತ್ತದೆ. ಒಬ್ಬರ ಪಿಂಚಣಿ ಕಡತ ಆ ದಿನನಿತ್ಯದ ಲೆಕ್ಕಕ್ಕೆ ಬರುತ್ತದೆ. ಮೊದಲು ಸ್ಪರ್ಶ್ (ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಖಾತೆಗೆ ಲಾಗಿನ್ ಆಗಿ ರ‍್ಯಾಂಕ್, ಗ್ರೂಪ್, ಅರ್ಹ ಸೇವಾವಧಿ ಈ ಮೂರನ್ನೂ ಪಿಪಿಒ (ಪಿಂಚಣಿ ಪಾವತಿ ಆದೇಶ) ಜೊತೆ ತಾಳೆ ನೋಡಿ. ಬ್ಯಾಂಕುಗಳಿಂದ ಸ್ಪರ್ಶ್‌ಗೆ ಮಾಹಿತಿ ವರ್ಗಾವಣೆಯಾದಾಗ ತಪ್ಪುಗಳು ಹೆಚ್ಚಾಗಿ ನುಸುಳಿದ್ದು ಇಲ್ಲೇ. ಆಧಾರ್ ಮತ್ತು ಪಿಪಿಒದಲ್ಲಿ ಹೆಸರಿನ ಕಾಗುಣಿತ ಬೇರೆಯಾಗಿದ್ದರೂ ಕಡತ ನಿಲ್ಲುತ್ತದೆ. ಜೀವಿತ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಿ. ಆಮೇಲೆ ಅಲ್ಲೇ ದೂರು ದಾಖಲಿಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ₹10 ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕಡತ ಎಲ್ಲಿದೆ ಎಂದು ಕೇಳಿ. 30 ದಿನಗಳೊಳಗೆ ಉತ್ತರ ಕೊಡಲೇಬೇಕು.

ನಿಮ್ಮಂಥ ಪ್ರಕರಣಗಳು ದೇಶದಲ್ಲಿ ಒಟ್ಟು ಎಷ್ಟು ಬಾಕಿ ಇವೆ, ಯಾಕೆ ಬಾಕಿ ಇವೆ ಎಂದು ಕೇಳುವುದಷ್ಟೇ ಸಮಿತಿಯ ಕೆಲಸ.

ಪ್ರಶ್ನೆ: ಹಾಗಾದರೆ ಈ ಸಮಿತಿಯಲ್ಲಿ ಯಾರಿರುತ್ತಾರೆ? ಅದು ನಿಜಕ್ಕೂ ಮಾಡುವುದೇನು? (ಹಾಸನ)

ಉತ್ತರ: ಇಲಾಖಾವಾರು ಸ್ಥಾಯಿ ಸಮಿತಿಗಳ ಪದ್ಧತಿ 1993ರಲ್ಲಿ 17 ಸಮಿತಿಗಳೊಂದಿಗೆ ಶುರುವಾಯಿತು, 2004ರಲ್ಲಿ 24ಕ್ಕೆ ಏರಿತು. ಅದೇ 2004ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವಾಲಯದೊಳಗೆ ಮಾಜಿ ಸೈನಿಕರ ಕಲ್ಯಾಣ ಇಲಾಖೆ ಪ್ರತ್ಯೇಕವಾಗಿ ಹುಟ್ಟಿತು. ಅದನ್ನು ವಿಚಾರಿಸುವುದು ರಕ್ಷಣಾ ಸ್ಥಾಯಿ ಸಮಿತಿ. ಲೋಕಸಭೆಯಿಂದ 21, ರಾಜ್ಯಸಭೆಯಿಂದ 10, ಒಟ್ಟು 31 ಸದಸ್ಯರು. ಸಚಿವರಾದವರು ಸದಸ್ಯರಾಗುವಂತಿಲ್ಲ. ಅವಧಿ ಒಂದೇ ವರ್ಷ. ಇದೊಂದು ದೊಡ್ಡ ಕೊರತೆ ಎಂದೇ ಹೇಳಬೇಕು: ಪಿಂಚಣಿಯ ಲೆಕ್ಕ ಸದಸ್ಯರ ತಲೆಗೆ ಹತ್ತುವ ಹೊತ್ತಿಗೆ ಸಮಿತಿ ಹೊಸದಾಗಿ ರಚನೆಯಾಗುತ್ತದೆ.

ಫೆಬ್ರುವರಿ 1ರಂದು ಬಜೆಟ್ ಮಂಡನೆಯಾದ ಮೇಲೆ ಸದನಗಳು ಕೆಲವು ವಾರ ಬಿಡುವು ಪಡೆಯುತ್ತವೆ. ಸಮಿತಿಗೆ ಬಿಡುವಿಲ್ಲದ ಕಾಲ ಅದೇ. ಸೇನಾ ಪಿಂಚಣಿಗೆ ಬೇರೆಯದೇ ಅನುದಾನ ಬೇಡಿಕೆ (ಸಂಸತ್ತಿನ ಒಪ್ಪಿಗೆ ಕೇಳುವ ಖರ್ಚಿನ ಪಟ್ಟಿ) ಇದೆ. 2025–26ಕ್ಕೆ ಅದರ ಮೊತ್ತ ₹1,60,795 ಕೋಟಿ. ಸಮಿತಿಯ ಕಾರ್ಯಾಲಯ ಇಲಾಖೆಗೆ ಪ್ರಶ್ನಾವಳಿ ಕಳಿಸಿ ಲಿಖಿತ ಉತ್ತರ ತರಿಸಿಕೊಳ್ಳುತ್ತದೆ. ನಂತರ ಮಾಜಿ ಸೈನಿಕರ ಕಲ್ಯಾಣ ಕಾರ್ಯದರ್ಶಿ, ಪುನರ್ವಸತಿ ಮಹಾನಿರ್ದೇಶಕರು, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಮುಖ್ಯಸ್ಥರು ಸಮಿತಿಯೆದುರು ಕೂತು ಉತ್ತರಿಸುತ್ತಾರೆ. ಸಚಿವರನ್ನು ಕರೆಸುವ ರೂಢಿಯಿಲ್ಲ. ಸಭೆ ಮುಚ್ಚಿದ ಬಾಗಿಲಿನೊಳಗೇ ನಡೆಯುತ್ತದೆ, ಹಾಗಾಗಿ ಟಿವಿಯಲ್ಲಿ ಕಾಣುವುದಿಲ್ಲ. ಅಲ್ಲಿ ಉತ್ತರ ಹೊಳೆಯದ ಅಧಿಕಾರಿ ‘ಲಿಖಿತವಾಗಿ ಕೊಡುತ್ತೇವೆ’ ಎನ್ನುತ್ತಾರೆ. ಚುರುಕಾದ ಸಂಸದರು ಆ ಮಾತನ್ನು ಗುರುತು ಹಾಕಿಕೊಳ್ಳುತ್ತಾರೆ.

ಇದೆಲ್ಲದರ ಮೇಲೆ ಸಮಿತಿ ಬರೆದ ವರದಿ ಎರಡೂ ಸದನಗಳಲ್ಲಿ ಮಂಡನೆಯಾದ ಮೇಲೆ ಮೂರು ತಿಂಗಳೊಳಗೆ ಸರ್ಕಾರ ತಾನು ಕೈಗೊಂಡ ಕ್ರಮಗಳನ್ನು ತಿಳಿಸಬೇಕು. ಅದರ ಮೇಲೆ ಸಮಿತಿ ಇನ್ನೊಂದು ವರದಿ ಕೊಡುತ್ತದೆ, ಅದೇ ಕ್ರಮಾನುಸರಣಾ ವರದಿ. ಇದರಲ್ಲಿ ಐದು ಅಧ್ಯಾಯಗಳಿರುತ್ತವೆ. ಸರ್ಕಾರ ಒಪ್ಪಿದ ಶಿಫಾರಸುಗಳು ಎರಡನೆಯದರಲ್ಲಿ, ಸಮಿತಿ ಕೈಬಿಟ್ಟವು ಮೂರನೆಯದರಲ್ಲಿ, ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದೇ ಇದ್ದವು ನಾಲ್ಕನೆಯದರಲ್ಲಿ, ಮಧ್ಯಂತರ ಉತ್ತರ ಬಂದವು ಐದನೆಯದರಲ್ಲಿ. ಓದಲು ಸಮಯ ಇಲ್ಲದವರು ನಾಲ್ಕು ಮತ್ತು ಐದನ್ನು ಮಾತ್ರ ಓದಿದರೂ ಸಾಕು. ಜಗಳ ಎಲ್ಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಶಿಫಾರಸುಗಳ ಜಾರಿ ಎಲ್ಲಿಗೆ ಬಂತೆಂದು ಸಚಿವರು ಆರು ತಿಂಗಳಿಗೊಮ್ಮೆ ಸದನದಲ್ಲಿ ಹೇಳಿಕೆ ಕೊಡಬೇಕೆಂಬ ಸ್ಪೀಕರ್ ನಿರ್ದೇಶನವೂ ಇದೆ, ನಿರ್ದೇಶನ 73ಎ.

ಪ್ರಶ್ನೆ: ಪಾಲಿಕ್ಲಿನಿಕ್‌ನಿಂದ ರೆಫರಲ್ ತಂದರೂ ಖಾಸಗಿ ಆಸ್ಪತ್ರೆಯವರು ‘ಇಸಿಎಚ್‌ಎಸ್ ಬೆಡ್ ಖಾಲಿ ಇಲ್ಲ’ ಎನ್ನುತ್ತಾರೆ. ಇದು ಸಮಿತಿಗೆ ಗೊತ್ತಿಲ್ಲವೇ? (ಮಡಿಕೇರಿ)

ಉತ್ತರ: ಗೊತ್ತಿದೆ. ಅದರ ಕಾರಣವನ್ನು ಸಮಿತಿ ಹುಡುಕುವುದು ಆಸ್ಪತ್ರೆಯಲ್ಲಲ್ಲ, ಬಜೆಟ್ ಕೋಷ್ಟಕದಲ್ಲಿ. ಇಲಾಖೆ ಕೇಳಿದ್ದು, ಬಜೆಟ್‌ನಲ್ಲಿ ಸಿಕ್ಕಿದ್ದು, ಪರಿಷ್ಕೃತ ಅಂದಾಜು, ಕೊನೆಗೆ ಖರ್ಚಾದದ್ದು — ಈ ನಾಲ್ಕು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ರೋಗ ಕಾಣುತ್ತದೆ. ಕೇಳಿದ್ದಕ್ಕಿಂತ ಕಡಿಮೆ ಸಿಕ್ಕರೆ ವರ್ಷದ ಕೊನೆಯ ತಿಂಗಳುಗಳ ಬಿಲ್ಲು ಪಾವತಿಯಾಗದೆ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಬಂದ ಹೊಸ ಹಣ ಹಳೆ ಬಾಕಿ ತೀರಿಸುವುದಕ್ಕೇ ಹೋಗುತ್ತದೆ. ಅಂದರೆ ಹೊಸ ವರ್ಷ ಶುರುವಾಗುವುದೇ ಕೊರತೆಯಲ್ಲಿ. ಬಾಕಿ ಬೆಳೆದಂತೆ ಆಸ್ಪತ್ರೆ ಮಾಜಿ ಸೈನಿಕರನ್ನು ಸೇರಿಸಿಕೊಳ್ಳಲು ಹಿಂದೇಟು ಹಾಕುತ್ತದೆ. ಇಸಿಎಚ್‌ಎಸ್‌ಗೆ 2024–25ರ ಬಜೆಟ್‌ನಲ್ಲಿ ₹6,968 ಕೋಟಿ, 2025–26ರಲ್ಲಿ ₹8,317 ಕೋಟಿ ಇಡಲಾಯಿತು. ಸುಮಾರು ಶೇ 19ರಷ್ಟು ಏರಿಕೆ ಕೇಳಲು ಚೆನ್ನಾಗಿದೆ. ಅದರಲ್ಲಿ ಹಳೆ ಬಾಕಿಗೆ ಹೋದದ್ದೆಷ್ಟು ಎಂದು ಕಳೆದು ನೋಡಿದರೆ ಮಾತ್ರ ನಿಜವಾದ ಏರಿಕೆ ಸಿಗುತ್ತದೆ.

ಎಲ್ಲವೂ ಹಣದ ಕೊರತೆಯೇ ಅಲ್ಲ. ಬಿಲ್ಲುಗಳು ಆನ್‌ಲೈನ್‌ನಲ್ಲಿ ಬಿಲ್ ಸಂಸ್ಕರಣಾ ಸಂಸ್ಥೆಗೆ ಹೋಗಿ, ಅಲ್ಲಿಂದ ಇಸಿಎಚ್‌ಎಸ್ ಅಧಿಕಾರಿಗಳ ಮಂಜೂರಾತಿಗೆ ಬರುತ್ತವೆ. ದಾಖಲೆ ಕಡಿಮೆಯಿದ್ದರೆ ಆಸ್ಪತ್ರೆಗೆ ವಾಪಸ್. ಪಾಲಿಕ್ಲಿನಿಕ್ ವೈದ್ಯರು ಗುತ್ತಿಗೆ ನೌಕರರು. ದೂರದ ಊರುಗಳಲ್ಲಿ ತಜ್ಞರು ಸಿಗುವುದಿಲ್ಲ, ಆಗ ಸಣ್ಣ ಕಾಯಿಲೆಗೂ ರೆಫರಲ್ ಬರೆಯಬೇಕಾಗುತ್ತದೆ, ಬಿಲ್ಲು ಇನ್ನಷ್ಟು ಬೆಳೆಯುತ್ತದೆ. 2003ರಲ್ಲಿ ಶುರುವಾದ ಈ ಯೋಜನೆಯನ್ನು ಸಿಎಜಿ 2015ರ ವರದಿಯಲ್ಲಿ ವಿವರವಾಗಿ ಲೆಕ್ಕಪರಿಶೋಧನೆ ಮಾಡಿದೆ. ಸಿಎಜಿ ವರದಿ ಹೋಗುವುದು 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ, ರಕ್ಷಣಾ ಸಮಿತಿಗಲ್ಲ. ಮುಂದೆ ಆಗಬೇಕಾದ ಖರ್ಚನ್ನು ರಕ್ಷಣಾ ಸಮಿತಿ ನೋಡುತ್ತದೆ, ಆಗಿಹೋದ ಖರ್ಚನ್ನು ಲೆಕ್ಕಪತ್ರ ಸಮಿತಿ ನೋಡುತ್ತದೆ.

ನಿಮ್ಮ ಮಟ್ಟಿಗೆ: ಆಸ್ಪತ್ರೆ ನಿರಾಕರಿಸಿದರೆ ದಿನಾಂಕ, ರೆಫರಲ್ ಸಂಖ್ಯೆ, ಹೇಳಿದ ಕಾರಣ ಬರೆದು ಪಾಲಿಕ್ಲಿನಿಕ್‌ನ ಉಸ್ತುವಾರಿ ಅಧಿಕಾರಿಗೂ ಪ್ರಾದೇಶಿಕ ಕೇಂದ್ರಕ್ಕೂ ಕೊಟ್ಟು ಸ್ವೀಕೃತಿ ಪಡೆಯಿರಿ. ತುರ್ತಿನಲ್ಲಿ ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಮರುಪಾವತಿ ಅರ್ಜಿಗಳು ಬಿದ್ದುಹೋಗುವುದು ಈ ಒಂದು ತಪ್ಪಿನಿಂದಲೇ ಹೆಚ್ಚು.

ಪ್ರಶ್ನೆ: ಒಆರ್‌ಒಪಿ (ಒಂದು ಶ್ರೇಣಿ, ಒಂದು ಪಿಂಚಣಿ) ಬಂದದ್ದು ಸಂಸದೀಯ ಸಮಿತಿಯಿಂದ ಎನ್ನುತ್ತಾರಲ್ಲ? (ಬೆಳಗಾವಿ)

ಉತ್ತರ: ಅರ್ಧ ನಿಜ. ರಾಜ್ಯಸಭೆಯ ಅರ್ಜಿಗಳ ಸಮಿತಿ, ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯಲ್ಲಿ, 2011ರ ಡಿಸೆಂಬರ್‌ನಲ್ಲಿ 142ನೇ ವರದಿ ಕೊಟ್ಟಿತು. ಸಮಾನ ಶ್ರೇಣಿ, ಸಮಾನ ಸೇವಾವಧಿಗೆ ಸಮಾನ ಪಿಂಚಣಿ ಇರಬೇಕು, ಮುಂದಿನ ಏರಿಕೆಗಳು ಹಿಂದೆ ನಿವೃತ್ತರಾದವರಿಗೂ ತಾನಾಗಿಯೇ ದಕ್ಕಬೇಕು ಎಂದಿತು. ಸರ್ಕಾರದ ಆದೇಶ ಹೊರಬಿದ್ದದ್ದು 2015ರ ನವೆಂಬರ್ 7ರಂದು. ಅದು 2014ರ ಜುಲೈ 1ರಿಂದ ಅನ್ವಯವಾಯಿತು. ಆದರೆ ಆದೇಶದಲ್ಲಿ ಇದ್ದದ್ದು ತಾನಾಗಿ ಆಗುವ ಏರಿಕೆಯಲ್ಲ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮಾರ್ಚ್ 16ರಂದು ಸರ್ಕಾರದ ವಿಧಾನವನ್ನು ಎತ್ತಿಹಿಡಿಯಿತು. ಕೋಶಿಯಾರಿ ವರದಿಯನ್ನು ಸರ್ಕಾರದ ನೀತಿಯ ಹೇಳಿಕೆ ಎಂದು ಪರಿಗಣಿಸಲಾಗದು ಎಂದಿತು. ಬಾಕಿಯಿದ್ದ 2019ರ ಜುಲೈ 1ರ ಪರಿಷ್ಕರಣೆಯನ್ನು ಮಾಡಿ ಎಂದೂ ಆದೇಶಿಸಿತು. ಸಮಿತಿಯ ವರದಿ ಬೇಡಿಕೆಗೆ ಸಂಸತ್ತಿನ ಮುದ್ರೆ ಒತ್ತಿತು, ಅಷ್ಟು ನಿಜ. ಆದರೆ ಅದನ್ನು ಹಿಡಿದು ಕೋರ್ಟಿನಲ್ಲಿ ಹಕ್ಕು ಕೇಳಲು ಬರುವುದಿಲ್ಲ.

ಪ್ರಶ್ನೆ: ನಮ್ಮ ತಾಲ್ಲೂಕು ಮಾಜಿ ಸೈನಿಕರ ಸಂಘದಿಂದ ಸಂಸತ್ತಿಗೆ ಅರ್ಜಿ ಕೊಡುವುದು ಹೇಗೆ? (ಸಿರಸಿ)

ಉತ್ತರ: ಅರ್ಜಿಯನ್ನು ಸದನದ ಹೆಸರಿಗೇ ಬರೆಯಬೇಕು, ಸ್ಪೀಕರ್‌ಗೋ ಸಮಿತಿ ಅಧ್ಯಕ್ಷರಿಗೋ ಅಲ್ಲ. ಲೋಕಸಭೆಗೆ ಕನ್ನಡದಲ್ಲಿ ಬರೆಯಬಹುದು. ಆದರೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಜೊತೆಗಿರಬೇಕು, ಅದಕ್ಕೂ ಅರ್ಜಿದಾರರ ಸಹಿ ಬೇಕು. ಹೆಸರು, ವಿಳಾಸ ಪೂರ್ತಿ ಇರಲಿ. ಕೊನೆಯಲ್ಲಿ ಸದನ ಏನು ಮಾಡಬೇಕೆಂಬ ಪ್ರಾರ್ಥನೆ ಸ್ಪಷ್ಟವಾಗಿರಬೇಕು. ಪತ್ರ, ಅಫಿಡವಿಟ್, ಇತರ ದಾಖಲೆ ಲಗತ್ತಿಸುವಂತಿಲ್ಲ. ಹೇಳಬೇಕಾದ್ದೆಲ್ಲ ಅರ್ಜಿಯೊಳಗೇ ಬರಬೇಕು. ಸಂಸದರ ಮೂಲಕ ಮಂಡಿಸುವುದಾದರೆ ಅವರ ಮೇಲುಸಹಿ ಬೇಕು.

ಅರ್ಜಿಗಳು ತಿರಸ್ಕೃತವಾಗಲು ಮುಖ್ಯ ಕಾರಣಗಳು ಎರಡು. ಒಂದು, ಅದೇ ವಿಷಯ ನ್ಯಾಯಾಲಯದಲ್ಲಿರುವುದು. ಇನ್ನೊಂದು, ಕಾನೂನು ಅಥವಾ ನಿಯಮದಲ್ಲೇ ಪರಿಹಾರದ ದಾರಿ ಇರುವುದು. ಆದ್ದರಿಂದ ‘ನಮ್ಮ ಸದಸ್ಯರೊಬ್ಬರ ಅಂಗವಿಕಲ ಪಿಂಚಣಿ’ ಎಂದು ಬರೆಯಬೇಡಿ. ಅದಕ್ಕೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ‘ನಮ್ಮ ಪಾಲಿಕ್ಲಿನಿಕ್‌ಗೆ ಇಷ್ಟು ಜನ ಸೇರಿದ್ದಾರೆ, ಈ ತಿಂಗಳಿನಿಂದ ವೈದ್ಯಾಧಿಕಾರಿ ಹುದ್ದೆ ಖಾಲಿ, ಹತ್ತಿರದ ಪಟ್ಟಿಯಲ್ಲಿರುವ ಆಸ್ಪತ್ರೆ ಇಷ್ಟು ಕಿ.ಮೀ. ದೂರ’ ಎಂದು ಬರೆಯಿರಿ.

ಇದಕ್ಕಿಂತ ಬೇಗ ಫಲ ಕೊಡುವುದು ಚುಕ್ಕೆರಹಿತ ಪ್ರಶ್ನೆ. ನಿಮ್ಮ ಸಂಸದರು ಕನಿಷ್ಠ 15 ದಿನ ಮೊದಲು ಸೂಚನೆ ಕೊಟ್ಟರೆ ಸಚಿವರಿಂದ ಲಿಖಿತ ಉತ್ತರ ಬರುತ್ತದೆ. ಉತ್ತರದಲ್ಲಿ ‘ಮಾಡುತ್ತೇವೆ’ ಎಂಬ ಮಾತು ಸಿಕ್ಕರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿ ಸೇರಬಹುದು, ಮೂರು ತಿಂಗಳಲ್ಲಿ ಈಡೇರಿಸಬೇಕು. ‘ಪರಿಶೀಲನೆಯಲ್ಲಿದೆ’ ಎಂದಷ್ಟೇ ಬರೆಯುವುದನ್ನು ಅಧಿಕಾರಿಗಳು ಚೆನ್ನಾಗಿ ಕಲಿತಿದ್ದಾರೆ. ಆದ್ದರಿಂದ ಪ್ರಶ್ನೆಯಲ್ಲೇ ದಿನಾಂಕ ಮತ್ತು ಸಂಖ್ಯೆ ಕೇಳಿ.

ಪ್ರಶ್ನೆ: ಅಮೆರಿಕದಲ್ಲಿ ಇದಕ್ಕೇ ಬೇರೆ ಸಮಿತಿ ಇದೆಯಂತೆ? (ಮೈಸೂರು)

ಉತ್ತರ: ಎರಡಿವೆ. ಪ್ರತಿನಿಧಿ ಸಭೆಯದು 1947ರಿಂದ, ಸೆನೆಟ್‌ನದು 1971ರಿಂದ. ವಿಚಾರಣೆಗಳು ಸಾಮಾನ್ಯವಾಗಿ ಬಹಿರಂಗ, ಸಮನ್ಸ್ ಕೊಟ್ಟು ದಾಖಲೆ ತರಿಸಿಕೊಳ್ಳುವ ಅಧಿಕಾರವೂ ಇದೆ. 2014ರಲ್ಲಿ ಫೀನಿಕ್ಸ್ ನಗರದ ಮಾಜಿ ಸೈನಿಕರ ಆಸ್ಪತ್ರೆಯ ಗುಟ್ಟಿನ ಕಾಯುವಿಕೆ ಪಟ್ಟಿಯ ವಿಷಯ ಪ್ರತಿನಿಧಿ ಸಭೆಯ ಸಮಿತಿಯ ವಿಚಾರಣೆಯಲ್ಲಿ ಬಯಲಿಗೆ ಬಂತು. ಮೇ 30ರಂದು ಮಾಜಿ ಸೈನಿಕರ ಇಲಾಖೆಯ ಕಾರ್ಯದರ್ಶಿ (ನಮ್ಮಲ್ಲಿನ ಸಚಿವರಿದ್ದಂತೆ) ಎರಿಕ್ ಶಿನ್‌ಸೆಕಿ ರಾಜೀನಾಮೆ ಕೊಟ್ಟರು. ಅದೇ ಆಗಸ್ಟ್‌ನಲ್ಲಿ ಕಾನೂನು ಬಂದು, 30 ದಿನಕ್ಕಿಂತ ಹೆಚ್ಚು ಕಾಯಬೇಕಾದವರು ಖಾಸಗಿ ಚಿಕಿತ್ಸೆ ಪಡೆಯಲು ಅವಕಾಶವಾಯಿತು. ನಮ್ಮ ಸಮಿತಿಗೂ ವ್ಯಕ್ತಿಗಳನ್ನು, ಕಡತಗಳನ್ನು ಕರೆಸುವ ಅಧಿಕಾರ ಉಂಟು. ದೇಶದ ಸುರಕ್ಷತೆ ಅಥವಾ ಹಿತಕ್ಕೆ ಧಕ್ಕೆಯಾಗುತ್ತದೆಂದು ಸರ್ಕಾರ ದಾಖಲೆ ಕೊಡದೇ ಇರಲೂಬಹುದು. ಪಿಂಚಣಿ, ಆಸ್ಪತ್ರೆಗಳ ಕಡತಕ್ಕೆ ಆ ನೆಪ ಅಷ್ಟಾಗಿ ಹೊಂದುವುದಿಲ್ಲ. ನಮ್ಮಲ್ಲಿರುವ ತೊಂದರೆ ಬೇರೆ: ಅದೇ 31 ಜನ ಯುದ್ಧವಿಮಾನ, ಜಲಾಂತರ್ಗಾಮಿ, ಗಡಿ ರಸ್ತೆ ಎಲ್ಲವನ್ನೂ ನೋಡಬೇಕು. ಪಿಂಚಣಿದಾರರ ಸರದಿ ಬರುವುದು ಆಮೇಲೆ.

ಪ್ರಶ್ನೆ: ಕೇಂದ್ರ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಇದ್ದರೂ ಹುದ್ದೆಗಳು ತುಂಬುವುದಿಲ್ಲ ಏಕೆ? (ವಿಜಯಪುರ)

ಉತ್ತರ: ಕೇಂದ್ರ ಸಚಿವಾಲಯಗಳ ಗ್ರೂಪ್ ‘ಸಿ’ಯಲ್ಲಿ ಶೇ 10, ಸಾರ್ವಜನಿಕ ಉದ್ಯಮ ಮತ್ತು ರಾಷ್ಟ್ರೀಕೃತ ಬ್ಯಾಂಕುಗಳ ಗ್ರೂಪ್ ‘ಸಿ’ಯಲ್ಲಿ ಶೇ 14.5 ಮೀಸಲು. ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆ ಬೇರೆಯವರ ಪಾಲಾಗುತ್ತದೆ, ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ನೇಮಕಾತಿಯ ಅರ್ಧವಾರ್ಷಿಕ ಲೆಕ್ಕವನ್ನು ಇಲಾಖೆಗಳು ಪುನರ್ವಸತಿ ಮಹಾನಿರ್ದೇಶನಾಲಯಕ್ಕೆ ಕಳಿಸಬೇಕು. ಲೆಕ್ಕವೇ ಬಾರದಿದ್ದರೆ ಸಮಿತಿ ಹಿಡಿಯುವುದು ಏನನ್ನು? 15 ವರ್ಷ ಸೇವೆ ಮಾಡಿದವರಿಗೆ ಸಿಗುವ ಪದವಿ ಸಮಾನತೆಯ ಪ್ರಮಾಣಪತ್ರ ಗ್ರೂಪ್ ‘ಸಿ’ ಹುದ್ದೆಗಳಿಗೆ ನಡೆಯುತ್ತದೆ. ಅದನ್ನು ಸೇವೆ ಮುಗಿಯುವ ಮೊದಲೇ ಪಡೆದುಕೊಳ್ಳಿ.

ಪ್ರಶ್ನೆ: ರಾಜ್ಯ ಸರ್ಕಾರ ಕೊಡಬೇಕಾದ ಜಮೀನು ಮಂಜೂರಾತಿ ನಿಂತಿದೆ. ಇದನ್ನೂ ದೆಹಲಿಗೆ ಬರೆಯಬಹುದೇ? (ಚಿಕ್ಕಮಗಳೂರು)

ಉತ್ತರ: ಬೇಡ. ಜಮೀನು ರಾಜ್ಯದ ವಿಷಯ. ರಾಜ್ಯ ಶಾಸಕಾಂಗದಲ್ಲಿ ಎತ್ತಬೇಕಾದ ವಿಷಯದ ಅರ್ಜಿಯನ್ನು ಸಂಸತ್ತು ಸ್ವೀಕರಿಸುವುದಿಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಅರ್ಜಿಯ ಪ್ರತಿ ದಾಖಲಿಸಿ, ತಹಶೀಲ್ದಾರರ ಕಚೇರಿಯ ಕಡತ ಸಂಖ್ಯೆ ಪಡೆದು, ಅದರೊಂದಿಗೆ ನಿಮ್ಮ ಶಾಸಕರ ಮೂಲಕ ವಿಧಾನಸಭೆಯ ಅರ್ಜಿಗಳ ಸಮಿತಿಗೆ ಹೋಗಿ.