‘ಒಂದು ಸಹಿ ತಾನೇ’ ಅಂದವರು

ಬೇರೆಯವರ ಸಾಲಕ್ಕೆ ಜಾಮೀನು ಹಾಕಿ ಸಿಕ್ಕಿಕೊಂಡವರು ನನ್ನ ಹತ್ತಿರ ಜಾಮೀನಿನ ವಿಷಯ ಹೇಳಿಕೊಂಡು ಬರುವುದಿಲ್ಲ. ನಿದ್ದೆ ಬರಲ್ಲ ಅಂತ ಬರುತ್ತಾರೆ. ಎದೆ ಡವಡವ ಅನ್ನುತ್ತೆ, ಇಸಿಜಿ ಮಾಡಿಸಿದ್ರೆ ಏನೂ ಇಲ್ಲ ಅಂದರು ಅಂತ ಬರುತ್ತಾರೆ. ಎರಡು ಮೂರು ಸಲ ಕೂತು ಮಾತಾಡಿದ ಮೇಲೆ ಆ ಸಹಿ ಹೊರಗೆ ಬೀಳುತ್ತದೆ.

ಇಂಥವರನ್ನು ಎಷ್ಟೋ ಸಲ ಕಂಡಿದ್ದರೂ ಬರೆದಿರಲಿಲ್ಲ. ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆ ಕೇಳಿ ಜೊತೆಯ ಸಲಹೆಗಾರರೊಬ್ಬರು, ‘ಒಂದು ಮನೆ ಉಳಿಸೋಕೆ ಹೋಗಿ ಇನ್ನೊಂದು ಮನೆ ಸಂಬಂಧ ಕಡಿದ್ರಲ್ಲ’ ಅಂದರು. ಆ ಮಾತು ಚುಚ್ಚುತ್ತಲೇ ಇದೆ.

ಅವರನ್ನು ರಾಜಣ್ಣ ಅನ್ನೋಣ. ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ಐವತ್ತರ ಹತ್ತಿರ. ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಅಲ್ಲಿನ ನೌಕರರ ಪತ್ತಿನ ಸಹಕಾರ ಸಂಘಕ್ಕೆ ನಿರ್ದೇಶಕರು, ಸಾಲದ ಉಪಸಮಿತಿಯಲ್ಲೂ ಇದ್ದವರು. ಮೂರು ಕಡೆ ಜಾಮೀನು ಹಾಕಿದ್ದರು. ಅದೇ ಸಂಘದಲ್ಲಿ ಒಬ್ಬ ಸಹೋದ್ಯೋಗಿಗೆ, ಒಂದು ಬ್ಯಾಂಕಿನಲ್ಲಿ ಹಳೆಯ ಸ್ನೇಹಿತನಿಗೆ, ಇನ್ನೊಂದು ಬ್ಯಾಂಕಿನಲ್ಲಿ ತಂಗಿಯ ಗಂಡನ ಅಂಗಡಿ ಸಾಲಕ್ಕೆ. ಸಹೋದ್ಯೋಗಿ ಕೆಲಸಕ್ಕೆ ಬರುವುದನ್ನೇ ಬಿಟ್ಟರು. ಕಂತು ರಾಜಣ್ಣನ ಸಂಬಳದಲ್ಲಿ ಕಡಿತವಾಗತೊಡಗಿತು. ಏಳು ತಿಂಗಳು ಹೆಂಡತಿಗೆ ಹೇಳಲಿಲ್ಲ. ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಸಂಬಳದ ಚೀಟಿ ಬೇಕಾದಾಗ ಗೊತ್ತಾಯಿತು.

ಮೊದಲ ಎರಡು ಭೇಟಿಯಲ್ಲಿ ಏನೂ ನಡೆಯಲಿಲ್ಲ. ಹೆಂಡತಿ ಬೈದರು, ಅವರು ತಲೆ ತಗ್ಗಿಸಿದರು, ಅಷ್ಟೇ. ಮೂರನೇ ಸಲ ನಾನು ದಾರಿ ಬದಲಿಸಿದೆ. ಮನೆ ವಿಷಯ ಬಿಡಿ, ಸಂಘದ ವಿಷಯ ಹೇಳಿ ಅಂದೆ.

“ಸಾಲಕ್ಕೆ ಅರ್ಜಿ ಬಂದ್ರೆ ಏನೇನು ನೋಡ್ತೀರಿ?”

ರಾಜಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಇಷ್ಟು ದಿನದಲ್ಲಿ ಅವರ ದನಿ ಗಟ್ಟಿಯಾಗಿದ್ದು ಅವತ್ತೇ. ಈಗಾಗಲೇ ಎಷ್ಟು ಕಡಿತ ಇದೆ, ಕೈಗೆ ಎಷ್ಟು ಸಿಗುತ್ತೆ, ನಿವೃತ್ತಿಗೆ ಎಷ್ಟು ವರ್ಷ, ಇಬ್ಬರು ಜಾಮೀನುದಾರರು ಯಾರು ಅಂತ ಹೇಳುತ್ತಾ ಹೋದರು.

“ಜಾಮೀನುದಾರರದ್ದು ಏನು ನೋಡ್ತೀರಿ?”

“ಬೇರೆಯವರಿಗೂ ಹಾಕಿದ್ದಾರಾ ಅಂತ ನೋಡ್ತೀವಿ ಮೇಡಂ. ಇಬ್ಬರಿಗಿಂತ ಜಾಸ್ತಿ ಹಾಕಿದ್ರೆ ಅರ್ಜಿ ವಾಪಸ್ ಕಳಿಸ್ತೀವಿ. ಮೂರನೆಯದು ರಿಸ್ಕು.”

ಹೇಳಿ ಮುಗಿಸಿದವರೇ ಸುಮ್ಮನಾದರು. ನಾನೂ ಏನೂ ಹೇಳಲಿಲ್ಲ. ಒಂದು ಬಿಳಿ ಹಾಳೆ ಕೊಟ್ಟು ಮೂರು ಸಾಲವನ್ನೂ ಬರೆಯಿರಿ ಅಂದೆ. ಹೆಸರು ಬರೆದರು. ಎಷ್ಟು ಸಾಲ ಅಂತ ಬರೆದರು. ಇನ್ನೆಷ್ಟು ಬಾಕಿ ಅನ್ನುವ ಕಡೆ ಪೆನ್ನು ನಿಂತಿತು. ಮೂರಕ್ಕೂ ಗೊತ್ತಿರಲಿಲ್ಲ. ಬೇರೆಯವರ ಅರ್ಜಿಯಲ್ಲಿ ಒಂದು ಅಂಕಿ ತಪ್ಪಿದರೂ ಕೆಂಪು ಗೆರೆ ಎಳೆಯುವ ಮನುಷ್ಯ!

“ಸಾಲ ಕೊಟ್ಟ ಬ್ಯಾಂಕಿಗೆ ಬಡ್ಡಿ ಸಿಗುತ್ತೆ. ಸಾಲ ತಗೊಂಡವರಿಗೆ ದುಡ್ಡು ಸಿಕ್ತು. ಅದು ಮುಳುಗಿದ್ರೆ ತುಂಬಿಕೊಡೋರು ನೀವು. ನಿಮಗೇನು ಸಿಕ್ತು?”

ರಾಜಣ್ಣ ಪ್ರಾಮಾಣಿಕವಾಗಿ ಯೋಚಿಸಿದರು. “ಸಹಿ ಹಾಕಿದ ದಿನ ಹೋಟೆಲಿಗೆ ಹೋಗಿದ್ವಿ. ಮಸಾಲೆ ದೋಸೆ, ಕಾಫಿ.”

“ಅದರ ಬಿಲ್ಲನ್ನೂ ಇವರೇ ಕೊಟ್ಟಿರ್ತಾರೆ,” ಅಂದರು ಹೆಂಡತಿ.

ಹೌದಂತೆ. ಮೂವರೂ ನಕ್ಕೆವು. ಆ ನಗುವಿನಲ್ಲೇ ರಾಜಣ್ಣನ ಕಣ್ಣು ತುಂಬಿಬಂತು. ಹೆಂಡತಿ ಅವತ್ತು ಮೊದಲ ಸಲ ಬೈಯದೆ ಹೇಳಿದರು: “ದುಡ್ಡು ಹೋಗಿದ್ದಕ್ಕೆ ಅಲ್ಲರೀ. ಆ ಸಹಿಯಲ್ಲಿ ನಾನೂ ಇದ್ದೆ, ಮಗಳೂ ಇದ್ದಳು. ನಮ್ಮನ್ನ ಕೇಳ್ಲೇ ಇಲ್ಲ.”

ಯಾಕೆ ಹಾಕಿದಿರಿ ಅಂತ ಕೇಳಿದೆ. “ಆಗಲ್ಲ ಅಂದ್ರೆ ನಾಳೆಯಿಂದ ಅವರ ಮುಖ ಹೇಗೆ ನೋಡೋದು?” ಅಂದರು. ದಾಕ್ಷಿಣ್ಯಕ್ಕೆ ಬಸುರಾಗುವುದು ಅಂತ ನಮ್ಮ ಹಿರಿಯರು ಒರಟಾಗಿ ಹೇಳುತ್ತಿದ್ದದ್ದು ಇದನ್ನೇ. ಆದರೆ ರಾಜಣ್ಣ ದಡ್ಡರಲ್ಲ. ‘ಆಗಲ್ಲ’ ಅಂದರೆ ಮುಜುಗರ ಖಂಡಿತ, ಅದೂ ಈಗಲೇ. ಸಾಲ ಮುಳುಗುವುದು ಮುಂದೆ ಯಾವತ್ತೋ, ಮುಳುಗದೆಯೂ ಇರಬಹುದು. ಕಣ್ಣೆದುರಿನ ಸಣ್ಣದು ದೂರದ ದೊಡ್ಡದಕ್ಕಿಂತ ಭಾರ ಅನ್ನಿಸುತ್ತದೆ. ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಹೋಗುವವರೂ ಹೀಗೇ ಅಲ್ವಾ? ಸೆಖೆ ಇವತ್ತೇ ಇದೆ.

ಬಹಳ ಜನ ಒಂದು ತಪ್ಪು ತಿಳಿದಿದ್ದಾರೆ. ಮೊದಲು ಸಾಲಗಾರನನ್ನು ಹಿಡಿದು, ಅಲ್ಲಿ ಏನೂ ಸಿಗದಿದ್ದರೆ ಮಾತ್ರ ಜಾಮೀನುದಾರನ ಹತ್ತಿರ ಬರುತ್ತಾರೆ ಅಂತ. ಹಾಗಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಸಾಲಗಾರನ ಹಿಂದೆ ಓಡಿ ಸುಸ್ತಾದ ಮೇಲೇ ಜಾಮೀನುದಾರನ ಹತ್ತಿರ ಬರಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ಜಾಮೀನಿನಿಂದ ರಿಸ್ಕ್ ಕಡಿಮೆ ಆಗುವುದಿಲ್ಲ. ಸಂಘದ ಹೆಗಲಿನಿಂದ ಇಳಿದು ನಿಮ್ಮ ಮನೆಗೆ ಬಂದು ಕೂರುತ್ತದೆ.

ನಾನು ಸಹಕಾರದ ವಿರೋಧಿ ಅಂತ ತಿಳಿಯಬೇಡಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದರ ಬಗ್ಗೆ ನನಗೂ ಹೆಮ್ಮೆ ಇದೆ. ಆಗಿನ ಕಾಯ್ದೆಯಲ್ಲಿ ಹಳ್ಳಿ ಸಂಘಗಳ ಸಾಲಕ್ಕೆ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಆದರೆ ಹಳ್ಳಿಯಲ್ಲಿ ಪಕ್ಕದವನ ಹೊಲ ಹೇಗಿದೆ, ಎತ್ತು ಎಷ್ಟಿವೆ, ಸಂಜೆ ಎಲ್ಲಿ ಹೋಗಿ ಕೂರುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ರಾಜಣ್ಣನಿಗೆ ತನ್ನ ಸಹೋದ್ಯೋಗಿಯ ಬಗ್ಗೆ ಗೊತ್ತಿದ್ದದ್ದು ಊಟದ ಡಬ್ಬಿಯಲ್ಲಿ ಏನು ತರುತ್ತಾರೆ ಅನ್ನುವುದಷ್ಟೇ.

ಈಗ ಸಲಹೆ. ಮೂರೂ ಕಡೆ ಹೋಗಿ ಬಾಕಿ ಎಷ್ಟು ಅಂತ ಬರಹದಲ್ಲಿ ತನ್ನಿ, ಹೆಂಡತಿ ಜೊತೆಗಿರಲಿ ಅಂದೆ. ಸಂಬಳದಲ್ಲಿ ಕಡಿತವಾದ ಪ್ರತಿ ರೂಪಾಯಿಗೂ ದಾಖಲೆ ಇಟ್ಟುಕೊಳ್ಳಿ, ಕಟ್ಟಿದ್ದನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ ಅಂದೆ. ಹೊಸ ಸಹಿ ಬೇಡ. ಯಾರಿಗಾದರೂ ಸಹಾಯ ಮಾಡಲೇಬೇಕು ಅನ್ನಿಸಿದರೆ, ಹೋದರೂ ನಿದ್ದೆ ಕೆಡದಷ್ಟು ದುಡ್ಡನ್ನು ಕೈಯಿಂದಲೇ ಕೊಡಿ. ಆಗ ಎಷ್ಟು ಹೋಗಬಹುದು ಅಂತ ತೀರ್ಮಾನಿಸುವವರು ನೀವೇ.

ಇಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಅಂಗಡಿ ಸಾಲದ ವಿಷಯದಲ್ಲಿ. ಅದು ಓವರ್‌ಡ್ರಾಫ್ಟ್, ತೆಗೆದು ತುಂಬಿ ಮತ್ತೆ ತೆಗೆಯುವ ಖಾತೆ. ಜಾಮೀನೂ ಹಾಗೇ ಮುಂದುವರಿಯುತ್ತಿತ್ತು. ನಾನು ವಕೀಲೆ ಅಲ್ಲ, ವಕೀಲರೊಬ್ಬರ ಹತ್ತಿರ ಕಳಿಸಿದೆ. ಈವರೆಗಿನ ಬಾಕಿಯ ಹೊಣೆ ತಪ್ಪುವುದಿಲ್ಲ, ಇನ್ನುಮುಂದೆ ತೆಗೆಯುವ ಹಣಕ್ಕೆ ಜಾಮೀನು ಇಲ್ಲ ಅಂತ ನೋಟಿಸ್ ಕೊಡಬಹುದು ಅಂದರು ಅವರು. ಕೊಡಿ ಅಂತ ನಾನೂ ಹೇಳಿದೆ. ರಾಜಣ್ಣ ಕೊಟ್ಟರು. ಬ್ಯಾಂಕಿನವರು ತಂಗಿಯ ಗಂಡನನ್ನು ಕರೆಸಿದರು. ಅವತ್ತಿನಿಂದ ತಂಗಿಯ ಫೋನ್ ನಿಂತಿತು. ಆ ವರ್ಷ ಗೌರಿ ಹಬ್ಬಕ್ಕೆ ಅಣ್ಣ ಕಳಿಸಿದ ದುಡ್ಡು ವಾಪಸ್ ಬಂತು.

ಸಂಬಂಧ ಕಡಿದದ್ದು ನಾನಾ? ನಾನು ಹಾಗೆ ಅಂದುಕೊಂಡಿಲ್ಲ. ಒಬ್ಬರು ಮಾತ್ರ ಹೊರುವ, ಇನ್ನೊಬ್ಬರಿಗೆ ಅದರ ಭಾರವೇ ಗೊತ್ತಿಲ್ಲದ ಸಂಬಂಧ ಅದು. ಇದೇ ಪರಿಸ್ಥಿತಿ ಮತ್ತೆ ಬಂದರೂ ನೋಟಿಸ್ ಕೊಡಿ ಅಂತಲೇ ಹೇಳುತ್ತೇನೆ. ತಪ್ಪಿದ್ದು ಬೇರೆ ಕಡೆ. ಆ ಕಾಗದ ಬ್ಯಾಂಕಿಗೆ ಹೋಗುವ ಮೊದಲು ರಾಜಣ್ಣ ತಂಗಿ ಮನೆಗೆ ಹೋಗಿ, ಎದುರಿಗೆ ಕೂತು, ಆ ಬಿಳಿ ಹಾಳೆಯನ್ನು ತೋರಿಸಬೇಕಿತ್ತು. ಹೆಂಡತಿಯನ್ನು ಕೇಳದೆ ಸಹಿ ಹಾಕಿದವರು ತಂಗಿಗೆ ಹೇಳದೆ ಸಹಿ ವಾಪಸ್ ತಗೊಂಡರು. ಎರಡೂ ಸಲ ತಪ್ಪಿಸಿಕೊಂಡದ್ದು ಅದೇ ಮುಜುಗರವನ್ನು. ಎರಡನೇ ಸಲ ನಾನು ಪಕ್ಕದಲ್ಲೇ ಇದ್ದೆ, ಗಮನಿಸಲಿಲ್ಲ.

ಹೋದ ವಾರ ರಾಜಣ್ಣ ಫೋನ್ ಮಾಡಿದ್ದರು. ಗೌರಿ ಹಬ್ಬ ಬರ್ತಾ ಇದೆ, ಈ ಸಲ ದುಡ್ಡು ಕಳಿಸ್ಲಾ, ಇಲ್ಲ ಸೀರೆ ಅರಿಶಿನ ಕುಂಕುಮ ಹಿಡಿದು ನಾನೇ ಹೋಗ್ಲಾ ಅಂತ ಕೇಳಿದರು. ಹೋಗಿ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ಆ ಹಾಳೆ ನಿಮ್ಮ ಫೈಲಲ್ಲಿ ಇದೆಯಲ್ಲ ಮೇಡಂ, ಒಂದು ಜೆರಾಕ್ಸ್ ಬೇಕಿತ್ತು” ಅಂದರು.