ನೀರಿನ ಕಚೇರಿಯಿಂದ ಪತ್ರ ಬಂದರೆ ಯಾರನ್ನು ಕರೆಯಬೇಕು?

ತಮ್ಮಾ, ಸಿಯಾಟಲ್ ಬಳಿ ಮನೆ ಕೊಂಡು ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲೇ ನೀರು ಸರಬರಾಜಿನವರು ಬ್ಯಾಕ್‌ಫ್ಲೋ ಕವಾಟವನ್ನು (ಮನೆಯ ಕಡೆಯ ನೀರು ಮುಖ್ಯ ಪೈಪಿಗೆ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಪರೀಕ್ಷೆ ಮಾಡಿಸಿ ವರದಿ ಕಳುಹಿಸಿ ಎಂದು ಪತ್ರ ಹಾಕಿದ್ದಾರೆ. ಇದು ಹಣ ಕೀಳುವ ದಾರಿಯೇ, ಪರಿಚಯದ ಪ್ಲಂಬರ್ ಸಾಕೇ ಎಂದು ಕೇಳಿದ್ದೀಯ. ಹಣ ಕೀಳುವ ದಾರಿಯಲ್ಲ. ಪರಿಚಯದವನು ಸಾಲದು.

ನಾನೀಗ ರಜೆಯಲ್ಲಿ ಕೊಡಗಿನ ಸುಂಟಿಕೊಪ್ಪದ ಮನೆಯಲ್ಲಿದ್ದೇನೆ, ಆದ್ದರಿಂದ ಇಲ್ಲಿಯದೇ ಉದಾಹರಣೆ ಕೊಡುತ್ತೇನೆ. ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ಸಿಂಪಡಿಸಲು ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಕಲಸುವಾಗ ನೀರಿನ ಪೈಪನ್ನು ಡ್ರಮ್ಮಿನೊಳಗೆ ಮುಳುಗಿಸಿಯೇ ಬಿಟ್ಟಿರುತ್ತೇವಲ್ಲ? ಆ ಪೈಪಿಗೂ ಅಡುಗೆಮನೆಗೂ ತೋಟದ ಕೆಲಸಗಾರರ ಲೈನ್‌ಮನೆಗಳಿಗೂ ಗುಡ್ಡದ ಮೇಲಿನ ಟ್ಯಾಂಕ್ ಒಂದೇ. ಅದೇ ಹೊತ್ತಿಗೆ ಕೆಳಗೆಲ್ಲೋ ಮುಖ್ಯ ಪೈಪ್ ಒಡೆದು ಒತ್ತಡ ಬಿದ್ದುಹೋದರೆ, ಇಳಿಜಾರಿಗೆ ಓಡುವ ನೀರು ಡ್ರಮ್ಮಿನ ಮೈಲುತುತ್ತವನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಅದು ಯಾರ ಬಿಂದಿಗೆಗೆ ಬೀಳುತ್ತದೆಯೋ ಹೇಳಲಾಗದು. ನಿನ್ನ ಅಂಗಳದ ಸ್ಪ್ರಿಂಕ್ಲರ್ ತಲೆಗಳು ಮಣ್ಣು, ಗೊಬ್ಬರ, ನಾಯಿಗಳ ಗಲೀಜಿನ ನಡುವೆಯೇ ಇವೆ, ಅವುಗಳ ಕೊಳವೆ ಇಡೀ ಬಡಾವಣೆಯ ಕುಡಿಯುವ ನೀರಿಗೆ ಸೇರಿದೆ.

ಇದು ಬರಿಯ ಊಹೆಯಲ್ಲ. 1969ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದ ಬಹುತೇಕ ಎಲ್ಲರಿಗೂ ಹೆಪಟೈಟಿಸ್ ಸೋಂಕು ತಗುಲಿತು. ಹತ್ತಿರದಲ್ಲಿ ಬೆಂಕಿ ನಂದಿಸಲು ನೀರು ಎಳೆದಾಗ ಒತ್ತಡ ಕುಸಿದು, ಮೈದಾನದ ಸ್ಪ್ರಿಂಕ್ಲರ್ ಗುಂಡಿಯ ಕೊಳೆನೀರು ಆಟಗಾರರು ಕುಡಿಯುವ ನಲ್ಲಿಗೆ ಸೇರಿತ್ತು. ಎರಡು ಪಂದ್ಯಗಳಿಗೇ ಆ ವರ್ಷದ ಆಟ ಮುಗಿಯಿತು. ಹಾಕಿ ಹುಚ್ಚಿನ ನಮ್ಮ ಊರಿನವರಿಗೆ ಈ ಕಥೆ ಹೇಳಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇನ್ನು ಜನರನ್ನು ಹುಡುಕುವ ವಿಷಯ. ನೀನಿರುವ ವಾಷಿಂಗ್ಟನ್ ರಾಜ್ಯದಲ್ಲಿ ಪರೀಕ್ಷಕನಿಗೆ ರಾಜ್ಯದ ಆರೋಗ್ಯ ಇಲಾಖೆಯ ಪ್ರಮಾಣಪತ್ರ ಇರಲೇಬೇಕು. ನಿನ್ನ ನೀರು ಸರಬರಾಜು ಕಚೇರಿಯಲ್ಲಿ ಪರೀಕ್ಷಕರ ಪಟ್ಟಿ ಕೇಳು. ಪಟ್ಟಿಯಲ್ಲಿ ಹೆಸರಿದೆ ಎಂದರೆ ಅವನಿಗೆ ಅರ್ಹತೆ ಇದೆ ಎಂದಷ್ಟೇ. ಒಳ್ಳೆಯ ಕೆಲಸಗಾರ ಎಂದು ಕಚೇರಿಯವರು ಹೊಣೆ ಹೊರುವುದಿಲ್ಲ. ಆದ್ದರಿಂದ ಎರಡು ಮೂರು ಜನರಿಗೆ ಫೋನ್ ಮಾಡಿ, ಪ್ರಮಾಣಪತ್ರದ ಅವಧಿ ಎಂದಿನವರೆಗೆ, ಒತ್ತಡ ಅಳೆಯುವ ಮಾಪಕವನ್ನು ಈ ವರ್ಷ ಸರಿಹೊಂದಿಸಿದ್ದಾರೆಯೇ, ವರದಿಯನ್ನು ಅವರೇ ಸಲ್ಲಿಸುತ್ತಾರೆಯೇ, ಕವಾಟ ಫೇಲಾದರೆ ಮರುಪರೀಕ್ಷೆಗೆ ಬೇರೆ ಶುಲ್ಕವೇ ಎಂದು ಕೇಳು. ಉತ್ತರಿಸಲು ತಡವರಿಸುವವನನ್ನು ಬಿಟ್ಟುಬಿಡು.

ಪರೀಕ್ಷೆ ಮಾಡುವ ಅರ್ಹತೆಯೇ ಬೇರೆ, ಕವಾಟ ಬಿಚ್ಚಿ ರಿಪೇರಿ ಮಾಡುವ ಅಥವಾ ಹೊಸದು ಕೂರಿಸುವ ಪ್ಲಂಬಿಂಗ್ ಪರವಾನಗಿಯೇ ಬೇರೆ. ಎರಡೂ ಇರುವವರು ಸಿಕ್ಕಿದರೆ ಸಲೀಸು. ಆದರೆ ಬಂದ ಕೂಡಲೇ ಪೂರ್ತಿ ಬದಲಿಸಬೇಕು ಎನ್ನುವವನ ಮಾತಿಗೆ ತಲೆಯಾಡಿಸಬೇಡ, ಮಾಪಕದ ಅಂಕಿ ತೋರಿಸು ಎನ್ನು. ಮನೆಗಳಲ್ಲಿ ಸಾಮಾನ್ಯವಾಗಿರುವ ಜೋಡಿ ಕವಾಟದಲ್ಲಿ ಪ್ರತಿಯೊಂದೂ ಕನಿಷ್ಠ 1 ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡ ಹಿಡಿದಿಡಬೇಕು. ಹಿಡಿಯದಿದ್ದರೆ ಎಷ್ಟೋ ಸಲ ಒಳಗೆ ಮರಳೋ ಕಸವೋ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ರಬ್ಬರ್ ಸವೆದಿರುತ್ತದೆ. ಕೆರೆಯ ಪಂಪಿನ ಫುಟ್‌ವಾಲ್ವ್‌ನಲ್ಲಿ ಎಲೆ ಸಿಕ್ಕಿದಂತೆ. ಅದಕ್ಕಾಗಿ ನಾವು ಪಂಪನ್ನೇ ಬದಲಿಸುವುದಿಲ್ಲವಲ್ಲ. ನಿಜಕ್ಕೂ ಬದಲಿಸಬೇಕಾದರೆ ರಾಜ್ಯ ಒಪ್ಪಿದ ಮಾದರಿಯನ್ನೇ ಹಾಕಿಸು. ಅಗ್ಗಕ್ಕೆ ಸಿಕ್ಕಿತೆಂದು ಬೇರೆಯದು ತಂದರೆ ಅದನ್ನೂ ಕಿತ್ತುಹಾಕಿಸುತ್ತಾರೆ. ಹೊಸದು ಕೂರಿಸಿದ ದಿನ, ರಿಪೇರಿಯ ನಂತರ, ಮತ್ತೆ ಪ್ರತಿ ವರ್ಷ ಪರೀಕ್ಷೆ ತಪ್ಪಿದ್ದಲ್ಲ.

ಮಡಿಕೇರಿಯಲ್ಲಿ ನಲ್ಲಿ ಕೆಟ್ಟರೆ ವಾರ್ಡಿನ ಸದಸ್ಯನಿಗೆ ಫೋನ್ ಮಾಡಿ ಬೈದರೆ ಯಾರಾದರೂ ಬರುತ್ತಾರೆ. ನೀನಿರುವ ಕಡೆ ಈ ಕವಾಟದ ಹೊಣೆ ಮನೆಯ ಮಾಲೀಕನದು, ಬೈಯಲು ಯಾರೂ ಸಿಗುವುದಿಲ್ಲ. ಅಂಚೆಯ ಪತ್ರವನ್ನು ಜಾಹೀರಾತಿನೊಂದಿಗೆ ಬಿಸಾಡಬೇಡ. ಸುಮ್ಮನೆ ಕುಳಿತರೆ ಕೊನೆಗೆ ನೀರನ್ನೇ ನಿಲ್ಲಿಸುವ ಅಧಿಕಾರ ಅವರಿಗಿದೆ.

ಕವಾಟ ಎಲ್ಲಿದೆಯೆಂದೇ ಗೊತ್ತಿಲ್ಲ ಎಂದಿದ್ದೀಯ. ಮೀಟರಿನ ಆಸುಪಾಸಿನಲ್ಲಿ ಹುಲ್ಲಿನ ಮಟ್ಟಕ್ಕೆ ಪ್ಲಾಸ್ಟಿಕ್ ಮುಚ್ಚಳದ ಪೆಟ್ಟಿಗೆ ಇದೆಯೇ ನೋಡು. ಪರೀಕ್ಷಕ ಬರುವ ಮುಂಚೆ ಅದರೊಳಗಿನ ಮಣ್ಣನ್ನೂ ನೀರನ್ನೂ ತೆಗೆದಿಡು, ಕವಾಟದ ಮೇಲಿನ ಸಂಖ್ಯೆ ಪತ್ರದಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದೂ ನೋಡಿಕೋ.